ಡ್ರಾಫ್ಟ್ ಪದದ ಚೀಟಿಗಳು

ನೀಲಗಂಗಾಳಿಗೆ ಜಾತಕ ಇರಲಿಲ್ಲ. ಹುಟ್ಟಿದ ಹೊತ್ತನ್ನು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಅಮೆರಿಕದಲ್ಲಿದ್ದ ಅವಳಿಗೆ, ಅಲ್ಲೇ ಡಿಯರ್‌ಬಾರ್ನ್‌ನಲ್ಲಿ ಕಾರಿನ ನಕ್ಷೆ ಬರೆಯುತ್ತಿದ್ದ ಸತ್ಯನ ಜೊತೆ ಮದುವೆ ಮಾತಾದಾಗ, ಮೈಸೂರಿನ ಅವನ ಮನೆಯವರು ಜಾತಕ ಕೇಳಿದರು. ಧಾರವಾಡದಲ್ಲಿದ್ದ ಅವಳ ಅವ್ವ ಕಮಲವ್ವ ಅಂದಾಜಿನ ಮೇಲೆ ಒಂದು ಹೊತ್ತು ಹೇಳಿ, ಬರೆಸಿ ಕಳಿಸಿದಳು.

೧೯೬೯ರ ನವೆಂಬರಿನಲ್ಲಿ ಸತ್ಯ ಫೋನ್ ಮಾಡಿ, "ಜಾತಕ ಕೂಡಿಬರಲಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಮೂರು ವರ್ಷದ ಮೇಲೆ, ಡೆಟ್ರಾಯಿಟ್ ಹತ್ತಿರ ಅವಳು ಕೆಲಸ ಮಾಡುತ್ತಿದ್ದ ನಿಘಂಟು ಕಚೇರಿಯಲ್ಲಿ, ಅವನು ಅವಳ ಮೇಜಿನ ಮುಂದೆ ನಿಂತಿದ್ದ.

ಮೇಜಿನ ಮೇಲೆ ಇಂಗ್ಲಿಷಿನ 'ಡ್ರಾಫ್ಟ್' ಪದದ ಚೀಟಿಗಳಿದ್ದವು. ಒಂದು ಅರ್ಥಕ್ಕೆ ಒಂದು ಚೀಟಿ: ಬಾಗಿಲ ಸಂದಿಯ ಚಳಿಗಾಳಿ, ಬರಹದ ಕರಡು, ಯಂತ್ರದ ನಕ್ಷೆ, ಸೈನ್ಯಕ್ಕೆ ಕಡ್ಡಾಯ ಭರ್ತಿ. ಎಲ್ಲಕ್ಕೂ ಮೂಲ ಒಂದೇ, ಎಳೆಯುವುದು ಎಂಬ ಹಳೆಯ ಕ್ರಿಯಾಪದ.

"ಮೂರು ವರ್ಷ ಫೋನ್ ಲೈನ್ ಕೆಟ್ಟಿತ್ತೇನ್ರಿ?" ಎಂದಳು ನೀಲಗಂಗಾ.

"ಬಲಗಡೆಗೆ ಬಂದು ಮಾತಾಡು. ಎಡಗಿವಿ ಕೇಳಿಸಲ್ಲ."

"ಏನಾತು?"

ಅವನು ಕೊನೆಯ ಚೀಟಿಯ ಮೇಲೆ ಬೆರಳಿಟ್ಟ.

"ಇದು. ಗ್ರೀನ್ ಕಾರ್ಡ್ ಇರೋರನ್ನೂ ಕರೀತಾರೆ. ಎರಡು ವರ್ಷ ವಿಯೆಟ್ನಾಂ, ಒಂದು ವರ್ಷ ಶಿಕಾಗೋ ಆಸ್ಪತ್ರೆ. ಆರ್ಡರ್ ಬಂದಾಗ, ಮದುವೆಯಾಗಿ ನಿನ್ನ ವಿಧವೆ ಮಾಡೋದು ಬೇಡ ಅನ್ನಿಸ್ತು. ಜಾತಕ ಅಂದ್ರೆ ಯಾರೂ ತಿರುಗಿ ಕೇಳಲ್ಲ. ತಪ್ಪೆಲ್ಲಾ ಗ್ರಹಗಳ ಮೇಲೆ ಹೋಗತ್ತೆ ಅಂದ್ಕೊಂಡೆ."

"ಹಂಗಾರ ಜಾತಕ ಕೂಡಿತ್ತೇನು?"

"ಚೆನ್ನಾಗೇ ಕೂಡಿತ್ತು. ಅಮ್ಮ ಮುಹೂರ್ತಾನೂ ನೋಡಿಸಿದ್ರು. ನಿಮ್ಮನೆಗೆ ತಿಳಿಸೋ ಮೊದಲೇ ನಾನು ತಡೆದೆ."

ನೀಲಗಂಗಾ ನಗಲು ಹೋದಳು. ಆಗಲಿಲ್ಲ.

"ಅದು ಖರೇ ಜಾತಕ ಅಲ್ರಿ. ಅವ್ವ ಕಟ್ಟಿದ್ದು. ಆಕಿ ಹೇಳಿದ ಹೊತ್ತಿನಿಂದನ ಮದುವಿ ಮುರೀತು ಅಂತ ತಿಳ್ಕೊಂಡೆ... 'ನನ್ನ ಬಾಳು ನೀ ಹಾಳ ಮಾಡಿದಿ' ಅಂತ ಬರದೆ. ಆಮ್ಯಾಲೆ ಆಕಿ ಕಾಗದ ಒಂದೂ ಒಡದು ನೋಡ್ಲಿಲ್ಲ."

"ಇವತ್ತೇ ಬರಿ. ತಪ್ಪು ನಂದು ಅಂತ ನಾನೂ ಬರೀತೀನಿ."

"ಹ್ವಾದ ಜೂನ್‌ನಾಗ ತೀರಿಕೊಂಡ್ಲು."

ಸತ್ಯ ಕುರ್ಚಿಯ ಬೆನ್ನು ಹಿಡಿದುಕೊಂಡ. 'ನಾನು ಬದುಕಿ ಬಂದದ್ದು ಇದನ್ನು ಕೇಳುವುದಕ್ಕಾ...'

"ಹೋಗು ಅಂದ್ರೆ ಹೋಗ್ತೀನಿ, ನೀಲಾ."

'ಹೋಗು' ಎನ್ನಲು ಅವಳಿಗೆ ಮೂರು ವರ್ಷದ ಸಿಟ್ಟಿತ್ತು. ಆದರೂ ಮೇಜು ಸುತ್ತಿ ಅವನ ಬಲಗಡೆಗೆ ಬಂದು ನಿಂತಳು.

"ಕ್ಷಮಾ ಮಾಡೂದು ಆಗತದೋ ಇಲ್ಲೋ, ಗೊತ್ತಿಲ್ಲ. ಅವ್ವನ ಕಾಗದ ಒಬ್ಬಾಕಿನ ಓದೂದು ನನ್ನಿಂದ ಆಗೂದಿಲ್ಲ. ನೀವು ಓದ್ರಿ."

"ಓದ್ತೀನಿ."

"ಎಲ್ಲಾನೂ. ಆಕಿ ನಿಮಗ ಬೈದಿದ್ರ ಅದನ್ನೂ ಬಿಡಬ್ಯಾಡ್ರಿ."

"ಬಿಡಲ್ಲ."

ಕಾಗದಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಅವರು ಮದುವೆಯಾದರು. ಕಳೆದುಹೋದದ್ದು ಮೂರು ವರ್ಷ, ಒಂದು ಕಿವಿ, ಒಬ್ಬ ತಾಯಿ.