ಆರಾದ ಮೇಲೆ ನೀರು

ಸಂಜೆ ಆರಾಯಿತೆಂದರೆ ಸಾಕು, ಬನಶ್ರೀ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ ಮಹಡಿ ಹತ್ತುತ್ತಿದ್ದಳು. ಕೆಳಗೆ ಅಪ್ಪನ ಪವರ್‌ಲೂಮ್‌ಗಳು ಹಿಂದೂಪುರಕ್ಕೆಲ್ಲ ಕೇಳುವಂತೆ ಖಟಪಟ ಅನ್ನುತ್ತಿದ್ದವು. ಮೇಲೆ ಕುಂಡದಲ್ಲಿ ಒಂದು ದುಂಡುಮಲ್ಲಿಗೆ ಗಿಡ ಸದ್ದಿಲ್ಲದೆ ಸಾಯುತ್ತಿತ್ತು.

ಅದು ಬರೀ ಗಿಡವಲ್ಲ. ಕಲ್ಯಾಣದುರ್ಗದ ಮದುವೆಮನೆಯಲ್ಲಿ, ದೂರದ ಸಂಬಂಧದಲ್ಲಿ ಬಾವನಾಗಬೇಕಾದ ಯೋಗೇಶ್ ಅವಳ ಕೈಗಿಟ್ಟದ್ದು. "ನಮ್ಮಮ್ಮ ಕಡ್ಡಿ ನೆಟ್ಟು ಬೆಳ್ಸಿದ್ದು. ಮೊದಲ್ನೇ ಮೊಗ್ಗು ಬಿಟ್ಟಾಗ ಹೇಳು, ನಿಮ್ಮಪ್ಪನ್ ಹತ್ರ ಮಾತಾಡಕ್ಕೆ ಬತ್ತೀನಿ" ಅಂದಿದ್ದ. ಅವಳ ಮುಖ ನೋಡಲಾರದೆ ಕುಂಡದ ಅಂಚನ್ನೇ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿತ್ತು.

ಮೊಗ್ಗಿನ ಮಾತಿರಲಿ, ಎಲೆಗಳೇ ಹಳದಿಯಾಗಿ ಜೋತುಬಿದ್ದವು. ಬಾಯಾರಿರಬೇಕೆಂದು ಬನಶ್ರೀ ಇನ್ನೊಂದು ಬಿಂದಿಗೆ ಸುರಿದಳು. ಇನ್ನಷ್ಟು ಉದುರಿದವು.

ಅಜ್ಜಿ ನಾರಮ್ಮ ಹೇಳುತ್ತಿದ್ದ ಕಥೆಯೊಂದು ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ದಂಡಿಗೆ ಹೊರಟ ರಾಜಕುಮಾರ ಹೆಂಡತಿಗೊಂದು ಗಿಡ ಕೊಟ್ಟು, 'ಇದು ಬಾಡಿದರೆ ನನ್ನ ಮನಸ್ಸು ಬಾಡಿತೆಂದು ತಿಳಿ' ಅಂದನಂತೆ. ಹಾಗಾದರೆ ಬಾವನ ಮನಸ್ಸು? ಕೇಳಲು ಭಯ. ಅವನ ಫೋನ್ ಎತ್ತುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಅವನೇ ಬಸ್ಸಿಳಿದು ಬಂದ. ಅಜ್ಜಿ ಮಹಡಿ ಕಡೆ ಕೈತೋರಿದಳು. ಹೆಜ್ಜೆ ಸಪ್ಪಳ ಕೇಳಿ ಬನಶ್ರೀ ತಡಬಡಿಸಿ ಗಿಡಕ್ಕೆ ದುಪಟ್ಟಾ ಹೊದಿಸಿದಳು.

"ಯಾಕಮ್ಮಿ ಫೋನ್ ಎತ್ತಲ್ಲ? ನಾನ್ ಬೇಡಾಂದ್ರೆ ಬೇಡಾನ್ನು. ಹಂಗೇ ಬಸ್ಸತ್ತಿ ಹೋಯ್ತೀನಿ." ನಗಲು ನೋಡಿದ, ಆಗಲಿಲ್ಲ.

ಅವಳು ದುಪಟ್ಟಾ ಸರಿಸಿದಳು. "ನಿಮ್ಮಮ್ಮನ್ ಗಿಡ ಸಾಯಿಸ್ಬುಟ್ಟೆ ಬಾವ."

ಯೋಗೇಶ್ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಬೆರಳಿಟ್ಟ. ನೀರು ಜಿನುಗಿತು. "ಇದೇನ್ ಕುಂಡಾನಾ, ಕೆರೇನಾ?"

"ನೀನ್ ಹೇಳ್ದಂಗೇ ಮಾಡಿದ್ದು! ಫೋನಲ್ಲಿ ಹೇಳ್ಲಿಲ್ವಾ, ಆರಾದ್ಮೇಲೆ ನೀರಾಕು ಅಂತ? ದಿನಾ ಆರ್ ಗಂಟೆ ಆದ್ಮೇಲೆ ಹಾಕಿದೀನಿ."

ಅವನು ಪಿಳಿಪಿಳಿ ಕಣ್ಣುಬಿಟ್ಟ. ಕೆಳಗಿನ ಮಗ್ಗದ ಸದ್ದಿಗೊಮ್ಮೆ ಕಿವಿಗೊಟ್ಟ. ಆಮೇಲೆ ಹಣೆ ಚಚ್ಚಿಕೊಂಡ.

"ಆರಿದ್ಮೇಲೆ ಕಣಮ್ಮಿ! ಮಣ್ಣು ಆರಿದ್ಮೇಲೆ! ಬೆರಳಿಟ್ಟು ನೋಡು, ಒಳಗೂ ಒಣಗಿದ್ರೆ ಹಾಕು ಅಂದಿದ್ದು!"

"ಅಂದ್ರೆ... ನಿನ್ ಮನ್ಸು ಬಾಡಿಲ್ವಾ?"

"ನನ್ ಮನ್ಸಿಗೇನಾಗೈತೆ? ನೀರ್ ಹೆಚ್ಚಾಗಿ ಬೇರಿಗೆ ಉಸ್ರು ಕಟ್ಟೈತೆ, ಅಷ್ಟೆ."

ಇಬ್ಬರೂ ಸೇರಿ ಕುಂಡ ಬೋರಲು ಹಾಕಿದರು. ಕೊಳೆತ ಕಪ್ಪು ಬೇರುಗಳನ್ನು ಅವಳು ನೂಲಿನ ಕತ್ತರಿಯಿಂದ ಕತ್ತರಿಸಿದಳು. ನಡುವೆ, ರೇಷ್ಮೆ ಎಳೆಯಂತೆ, ಗಟ್ಟಿಯಾದ ನಾಲ್ಕಾರು ಬಿಳಿ ಬೇರು.

"ಪರ್ವಾಲೇದು," ಅಂದ ಯೋಗೇಶ್, ಅವಳ ಮುಖವನ್ನೇ ನೋಡುತ್ತ. "ಬದುಕ್ತದೆ."

ಬನಶ್ರೀಯ ಎದೆಯ ಮೇಲಿದ್ದ ಗುಂಡುಕಲ್ಲು ಉರುಳಿಹೋಯಿತು. ನಗು ಬಂತು, ಜೊತೆಗೇ ಕಣ್ಣೀರೂ. ಮಣ್ಣಾದ ಕೈಯಲ್ಲಿ ಒರೆಸಿಕೊಂಡಳು. ಕೆನ್ನೆಯ ಮೇಲೆ ಮೂಡಿದ ಮಣ್ಣಿನ ಗೆರೆಯನ್ನು ಅವನು ಕಣ್ಣಲ್ಲೇ ಸವರಿದ.

ಹೊಸ ಮಣ್ಣು, ಮರಳು ಬೆರೆಸಿ ಗಿಡವನ್ನು ನೆರಳಿಗಿಟ್ಟದ್ದಾಯಿತು. "ಹಂಗಾರೆ ನಾನು ಮೊಗ್ಗು ಬಿಡೋಗಂಟ ಕಾಯ್ಬೇಕಾ?"

"ಅಪ್ಪ ಆರಾದ್ಮೇಲೆ ಬಿಡುವಾಗ್ತಾನೆ."

"ಏನಂದೆ? ಆರಾದ್ಮೇಲೋ, ಆರಿದ್ಮೇಲೋ? ಸರಿಯಾಗ್ ಹೇಳಮ್ಮಿ, ಇನ್ನೊಂದ್ ಗಿಡ ಹೋದಾತು."

ಮಗ್ಗದ ಸದ್ದಿಗೂ ಮಿಗಿಲಾಗಲೆಂದು ಬನಶ್ರೀ ಗಂಟಲೆತ್ತಿದಳು. ಅದೇ ಗಳಿಗೆಗೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಗಪ್ಪನೆ ನಿಂತವು.

"ಆರಾದ್ಮೇಲೆ ಬಾವಾ! ನಮ್ ಮದ್ವೆ ಮಾತು!"

ಬೀದಿಯೇ ಸ್ತಬ್ಧ. ಆಮೇಲೆ ಕೆಳಗಿನಿಂದ ಅಜ್ಜಿಯ ದನಿ:

"ಕೇಳ್ತು ಕಣಮ್ಮಿ. ನಿಮ್ಮಪ್ಪಂಗೂ ಕೇಳ್ತು. ಆರ್ಗಂಟ ಯಾಕೆ, ಈಗ್ಲೇ ಇಳ್ದು ಬನ್ನಿ!"