ವ್ಯಾನಿನ ನೀರು

ನೀರು ಕುಡಿಯುವಾಗ ನಾನು ಈಗಲೂ ಲೋಟದೊಳಗೆ ನೋಡಿಯೇ ಕುಡಿಯುತ್ತೇನೆ.

ನಮ್ಮ ಯಜಮಾನರು ಚನ್ನವೀರಯ್ಯನವರು ರಿಟೈರ್ ಆದ ಮೇಲೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಇರುವ ವ್ಯಾನೊಂದನ್ನು ಮಾಡಿಸಿದರು. ಅದರಲ್ಲಿ ಮೊದಲ ಸಲ ಊರು ಸುತ್ತಲು ಹೊರಟು, ದೇವರಾಯನದುರ್ಗದ ಬೆಟ್ಟ ಇಳಿದು, ಯಡಿಯೂರು ದಾಟಿ, ಒಂದು ಕೆರೆಯ ದಂಡೆಯಲ್ಲಿ ತಂಗಿದೆವು. ಟ್ಯಾಂಕು ಬರಿದಾಗಿತ್ತು. ನಾನು ಬೇಡವೆಂದರೂ ಅವರು ಕೆರೆಯ ನೀರನ್ನೇ ತುಂಬಿದರು.

ಬೆಳಿಗ್ಗೆ ಲಿಂಗಪೂಜೆಗೆ ನಲ್ಲಿ ತಿರುಗಿಸಿದೆ. ಆ ಚಳಿಯಲ್ಲೂ ನೀರು ಬಾಯೊಳಗಿನ ಜೊಲ್ಲಿನಷ್ಟು ಬೆಚ್ಚಗಿತ್ತು, ಲೋಳೆಯಾಗಿತ್ತು. ಕಮಟು ಹಿಡಿದ ಕೊಬ್ಬರಿ ಎಣ್ಣೆಯ ವಾಸನೆ. ಲಿಂಗದ ಮೇಲೆ ಎರೆದ ಆ ನೀರೇ ಪಾದೋದಕ. ಅವರು ಕುಡಿದರು. ನನಗೆ ಬಾಯಲ್ಲೇ ನಿಂತುಬಿಟ್ಟಿತು.

"ಪಾದೋದಕ ಉಗೀಬಾರ್ದು, ನುಂಗು ಕಣೇ."

ನುಂಗಿದೆ. ಗಂಟಲಿಗೆ ಏನೋ ಸಿಕ್ಕಿತು. ಬೆರಳು ಹಾಕಿ ಎಳೆದರೆ ಮೊಳದುದ್ದದ ಕರಿಯ ಕೂದಲು. ನನ್ನ ತಲೆ ಪೂರ್ತಿ ನರೆತಿದೆ.

"ಇದ್ಯಾರ್ದ್ರೀ?"

ಅವರು ಬೋಳುತಲೆ ಸವರಿಕೊಂಡು ನಕ್ಕರು. "ನಂದಂತೂ ಅಲ್ಲ ಬುಡು."

ಗುಬ್ಬಿಯಲ್ಲಿ ಟ್ಯಾಂಕಿನ ನೀರನ್ನೆಲ್ಲ ಚೆಲ್ಲಿ ಕ್ಯಾನಿನ ನೀರು ತುಂಬಿಸಿದೆವು. ಮರುದಿನವೂ ಅದೇ ಬಿಸಿ, ಅದೇ ವಾಸನೆ. ನಾನು ವಾಂತಿ ಮಾಡಿಕೊಂಡೆ. ಅವರು ಇನ್ನೊಂದು ಬಟ್ಟಲು ಕೇಳಿದರು.

ತುಮಕೂರಿನ ಮನೆಗೆ ವಾಪಸ್ ಬಂದವಳೇ ಸತ್ಯಮಂಗಲದ ಶೆಡ್ಡಿನಲ್ಲಿ ಮೆಕ್ಯಾನಿಕ್ ಸಂಗಮೇಶನಿಂದ ಟ್ಯಾಂಕು, ನಲ್ಲಿ ಎರಡನ್ನೂ ಬಿಚ್ಚಿಸಿ ಗುಜರಿಗೆ ಹಾಕಿಸಿದೆ. "ಹೊಸಾ ಟ್ಯಾಂಕಮ್ಮಾ, ಒಳಗೇನೂ ಇಲ್ವಲ್ಲ," ಎಂದ.

ಮನೆಯ ನೀರು ಇವರಿಗೆ ಈಗ ಸಪ್ಪೆಯಂತೆ. ದಿನಾ ಬೆಳಿಗ್ಗೆ ಖಾಲಿ ತಂಬಿಗೆ ಹಿಡಿದು ಅಂಗಳದ ವ್ಯಾನಿನೊಳಗೆ ಹೋಗುತ್ತಾರೆ. ತುಂಬಿದ ತಂಬಿಗೆ ತಂದು ಪೂಜೆಗೆ ಇಡುತ್ತಾರೆ. ಇವತ್ತು ಮುಟ್ಟಿ ನೋಡಿದೆ. ಬೆಚ್ಚಗಿತ್ತು.