ಟ್ಯಾಮ್ಸಿನ್‌ಳ ಪುಟ್ಟ ಅಲೆ

"ಅಲ್ಲಾಡ್ಬೇಡ ಕಣೇ! ಎಷ್ಟು ಸಲ ಹೇಳ್ಲಿ?"

"ಜೆಲ್ ಕಿವಿಯೊಳಗೆ ಇಳೀತಿದೆ ಅಮ್ಮಾ! ಐಸ್ ಥರ ಇದೆ!"

ಅಮ್ಮ ಟ್ಯಾಮ್ಸಿನ್‌ಳ ತಲೆಗೆ ತಣ್ಣನೆಯ ಜೆಲ್ ಸವರಿ, ವೈರುಗಳ ಟೋಪಿ ಬಿಗಿದಳು. ಮಿದುಳಿನಲ್ಲಿ ಏಳುವ ಸಣ್ಣ ಅಲೆಗಳನ್ನು ಆ ಟೋಪಿ ಹಿಡಿದು, ಎದುರಿನ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಮುಂದೊಂದು ದಿನ ಅದೇ ಟೋಪಿ ಮಿದುಳನ್ನು ಮೆಲ್ಲಗೆ ತಟ್ಟಿ, ತಾತನ ನಡುಗುವ ಕೈಯನ್ನು ಸುಮ್ಮನಾಗಿಸಬೇಕು ಎಂಬುದು ಅಮ್ಮನ ಆಸೆ. ಈಗಂತೂ ತಾತನ ಟೀಯಲ್ಲಿ ಅರ್ಧವನ್ನು ಅವರ ಅಂಗಿಯೇ ಕುಡಿಯುತ್ತದೆ.

ಬ್ರಿಸ್ಟಲ್‌ನ ಹಳೇ ಸೈಕಲ್ ಅಂಗಡಿಯೊಂದರಲ್ಲಿ ಅಮ್ಮನ ಲ್ಯಾಬ್. ಅಲ್ಲಿಗೆ ಇವತ್ತು ಮಿಸೆಸ್ ಪ್ರಿಚರ್ಡ್ ಬಂದಿದ್ದರು. ಹೊಸ ಹೊಸ ಯೋಚನೆಗಳಿಗೆ ದುಡ್ಡು ಕೊಡುವ ಸಂಸ್ಥೆಯವರು ಅವರು. ಅವರು ಆಗುವುದಿಲ್ಲ ಎಂದರೆ ಲ್ಯಾಬಿಗೆ ಬೀಗ ಬೀಳುವುದು ಖಂಡಿತ.

ಅಮ್ಮ ಟೀ ಮಾಡಲು ಒಳಗೆ ಹೋದಳು. ಹೆದರಿಕೆಯಾದರೆ ಟ್ಯಾಮ್ಸಿನ್‌ಗೆ ಏನಾದರೂ ಅಗಿಯಲೇಬೇಕು. ಜೇಬಿನಿಂದ ಒಂದು ಟಾಫಿ ತೆಗೆದು ಬಾಯಿಗೆ ಹಾಕಿಕೊಂಡಳು.

"ಹದಿನೇಳಕ್ಕೆ ಇಪ್ಪತ್ತಾರು ಕೂಡು ನೋಡೋಣ," ಎಂದರು ಮಿಸೆಸ್ ಪ್ರಿಚರ್ಡ್.

ಟ್ಯಾಮ್ಸಿನ್ ಯೋಚಿಸುತ್ತಾ ಜೋರಾಗಿ ಅಗಿದಳು. ಪರದೆಯ ಮೇಲಿನ ಗೆರೆ ಎದ್ದು ಕುಣಿಯಿತು.

"ಅಬ್ಬಬ್ಬಾ! ಎಂಥಾ ಅಲೆ! ಇನ್ನೊಂದು ಲೆಕ್ಕ ಕೊಡ್ಲಾ?"

ಮತ್ತೆ ಲೆಕ್ಕ, ಮತ್ತೆ ಅಗಿತ, ಮತ್ತೆ ಕುಣಿತ. ಮಿಸೆಸ್ ಪ್ರಿಚರ್ಡ್ ಕುರ್ಚಿಗೆ ಒರಗಿ ಕೂತರು. "ಇಷ್ಟು ಸಾಕು. ದುಡ್ಡು ಸಿಕ್ಕ ಹಾಗೇ ಅಂತ ನಿಮ್ಮಮ್ಮನಿಗೆ ಹೇಳ್ತೀನಿ!"

ಟ್ಯಾಮ್ಸಿನ್ ಅಗಿಯುವುದನ್ನು ನಿಲ್ಲಿಸಿದಳು. ಟೋಪಿ ಹಾಕಿದಾಗ ಬಾಯಲ್ಲಿ ಏನೂ ಇರಬಾರದು, ದವಡೆ ಆಡಿದರೆ ಅದರ ಗಲಾಟೆಯಲ್ಲಿ ಮಿದುಳಿನ ಅಲೆ ಕಾಣುವುದೇ ಇಲ್ಲ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಈಗ ಬಾಯಿ ಮುಚ್ಚಿಕೊಂಡಿದ್ದರೆ ದುಡ್ಡೇನೋ ಬರುತ್ತದೆ. ಆದರೆ ಟಾಫಿಯ ಕುಣಿತದಿಂದ ತಾತನ ನಡುಕ ನಿಲ್ಲುತ್ತದೆಯೇ?

"ಅದು... ನನ್ನ ಮಿದುಳಲ್ಲ," ಎಂದಳು ಕೆನ್ನೆ ಕೆಂಪಾಗಿಸಿಕೊಂಡು. "ಟಾಫಿ."

ಮಿಸೆಸ್ ಪ್ರಿಚರ್ಡ್ ಅವಳ ಉಬ್ಬಿದ ಕೆನ್ನೆಯನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ನನ್ನ ಬುದ್ಧಿಗಿಷ್ಟು! ದವಡೆ ಆಡಿದ್ರೆ ಹೀಗಾಗತ್ತೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋಳು ನಾನೇ!"

ಟೀ ತಂದ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ಟ್ಯಾಮ್ಸಿನ್! ಉಗಿ ಅದನ್ನ!"

"ಸಾರಿ ಅಮ್ಮಾ."

"ಈಗ ಕಣ್ಣು ಮುಚ್ಕೊಂಡು ಆರಾಮಾಗಿ ಕೂತ್ಕೋ."

ಟ್ಯಾಮ್ಸಿನ್ ಕಣ್ಣು ಮುಚ್ಚಿದಳು. ಪರದೆಯಲ್ಲಿ ಏನಾಗುತ್ತಿದೆಯೋ ಕಾಣಲಿಲ್ಲ. ಮಾತು ಮಾತ್ರ ಕೇಳಿಸಿತು.

"ಇಷ್ಟು ಪುಟ್ಟದಾ?"

"ಹೂಂ, ಪುಟ್ಟದೇ." ಅಮ್ಮನ ದನಿಯೂ ಸಣ್ಣಗಾಗಿತ್ತು. "ಆದ್ರೆ ಇದು ನಿಜವಾದದ್ದು."

"ಪುಟ್ಟದಾಗಿರುವಾಗ ದುಡ್ಡು ಕೊಡೋಕೇ ಅಲ್ವಾ ನಾನು ಬಂದಿರೋದು? ದೊಡ್ಡದಾದ್ಮೇಲೆ ಕೊಡೋರು ಬೇಕಾದಷ್ಟು ಜನ ಸಿಕ್ತಾರೆ. ನೀವು ಕೆಲಸ ಮುಂದುವರ್ಸಿ."

ಅಮ್ಮ ಉಸಿರು ಬಿಟ್ಟಿದ್ದು ಟ್ಯಾಮ್ಸಿನ್‌ಗೆ ಸ್ಪಷ್ಟವಾಗಿ ಕೇಳಿಸಿತು. ಬೆನ್ನಲ್ಲೇ ಮಿಸೆಸ್ ಪ್ರಿಚರ್ಡ್ ಅವರ ಕುರ್ಚಿ ಸರಿದ ಸದ್ದು.

"ಅಲ್ಲಾಡ್ಬೇಡ ಪುಟ್ಟಾ. ಹತ್ತಿರದಿಂದ ಒಂದ್ಸಲ ನೋಡ್ತೀನಿ."

ಆ ದೊಡ್ಡ ಕುಣಿತವನ್ನು ಒರಗಿ ಕೂತೇ ನೋಡಿದವರು, ಈ ಪುಟ್ಟದ್ದನ್ನು ನೋಡಲು ಎದ್ದು ಬಂದಿದ್ದರು. ಟ್ಯಾಮ್ಸಿನ್ ಕಣ್ಣು ಬಿಡದೆ, ಅವರು ನೋಡುವಷ್ಟು ಹೊತ್ತೂ ಹಾಗೇ ಕೂತಳು.